ಬ್ಲ್ಯಾಕ್ ಪುಡಿಂಗ್ ಕಟ್ ಮಾಡಿದ್ರೆ ರಕ್ತ ಹರಿಯುತ್ತಾ?

ಪ್ರಶ್ನೆ: ಮುಂದಿನ ತಿಂಗಳು ಡಬ್ಲಿನ್‌ಗೆ ಹೋಗ್ತಿದೀನಿ ಸಾರ್. ಅಲ್ಲಿ ಬೆಳಗ್ಗೆ ತಿಂಡಿಗೆ ಬ್ಲ್ಯಾಕ್ ಪುಡಿಂಗ್ ಅನ್ನೋ ಒಂಥರಾ ಸಾಸೇಜ್ ಕೊಡ್ತಾರಂತೆ, ಒಳಗಡೆ ಹಸಿ ರಕ್ತ ಇರುತ್ತೆ, ಕಟ್ ಮಾಡಿದ್ರೆ ಹರಿಯುತ್ತೆ ಅಂತ ಫ್ರೆಂಡ್ ಹೆದರಿಸ್ತಿದಾನೆ. ನಿಜಾನಾ?

ಉತ್ತರ: ಇಲ್ಲ ಸ್ವಾಮಿ, ಹರಿಯಲ್ಲ. ಐರ್ಲೆಂಡ್‌ಗೆ ಟಿಕೆಟ್ ಬುಕ್ ಮಾಡಿದ ಪ್ರತಿಯೊಬ್ರೂ ಇದನ್ನೇ ಕೇಳ್ತಾರೆ, ಹಂಗಾಗಿ ಈ ಸಲ ಉದ್ದಕ್ಕೇ ಬರೀತೀನಿ, ಆ ಫ್ರೆಂಡ್‌ಗೂ ಕಳಿಸಿ.

ರಕ್ತ ಇರೋದಂತೂ ನಿಜ. ಸಾಮಾನ್ಯವಾಗಿ ಹಂದಿದು. ಅದಕ್ಕೆ ಕೊಬ್ಬು, ಈರುಳ್ಳಿ, ಓಟ್ಸ್ ನುಚ್ಚು, ಕೆಲವ್ರು ಬಾರ್ಲಿ, ಆಮೇಲೆ ಉಪ್ಪು ಮೆಣಸು ಮಸಾಲೆ ಎಲ್ಲಾ ಕಲಸಿ, ಉದ್ದ ಕೊಳವೆಗೆ ತುಂಬಿ, ಬಿಸಿನೀರಲ್ಲೋ ಹಬೆಯಲ್ಲೋ ಬೇಯಿಸ್ತಾರೆ. ಕೆರಿ ಕೌಂಟಿಯ ಸ್ನೀಮ್ ಊರಲ್ಲಿ ಕೊಳವೆನೂ ಇಲ್ಲ, ಟ್ರೇಗೆ ಸುರಿದು ಓವನ್ನಲ್ಲಿಟ್ಟು ಚೌಕ ಚೌಕ ಕಟ್ ಮಾಡ್ತಾರೆ. ಅಂಗಡಿಗೆ ಬರೋ ಹೊತ್ತಿಗೇ ಅದು ಬೆಂದಿರುತ್ತೆ, ಹೋಟೆಲಲ್ಲಿ ಬಾಣಲೆಗೆ ಹಾಕೋದು ಬಿಸಿ ಮಾಡಿ ಅಂಚು ಗರಿಗರಿ ಮಾಡೋಕೆ ಅಷ್ಟೇ. ಈಗಂತೂ ತುಂಬಾ ಕಂಪನಿಗಳು ಒಣಗಿಸಿದ ರಕ್ತದ ಪುಡಿನೇ ಬಳಸ್ತವೆ, ಪುಡಿ ಎಲ್ಲಿಂದ ಹರಿಯುತ್ತೆ ಹೇಳಿ?

ಬೆಂದ ರಕ್ತ ಯಾಕೆ ಹರಿಯಲ್ಲ ಅಂದ್ರೆ ಅದ್ರಲ್ಲಿ ಪ್ರೋಟೀನ್ ಜಾಸ್ತಿ, ಕಾವು ತಾಗಿದ ತಕ್ಷಣ ಗಿಣ್ಣುಹಾಲಿನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತೆ. ಹಬೆಯಲ್ಲಿಟ್ಟ ಗಿಣ್ಣು ಮತ್ತೆ ಹಾಲಾಗಿದ್ದು ಯಾರಾದ್ರೂ ನೋಡಿದೀರಾ? ಇನ್ನು ಬಣ್ಣ. ರಕ್ತ ಕೆಂಪಗಿರೋದು ಹಿಮೋಗ್ಲೋಬಿನ್‌ನಿಂದ, ಕಾಯಿಸಿದಾಗ ಅದ್ರಲ್ಲಿರೋ ಕಬ್ಬಿಣದ ಸ್ಥಿತಿ ಬದಲಾಗಿ ಕಂದು, ಕಪ್ಪು ಆಗುತ್ತೆ. ಅಂದ್ರೆ ನೀವು ಹೆದರ್ತಿರೋ ಆ ಕಪ್ಪು ಬಣ್ಣನೇ ಬೆಂದಿದೆ ಅನ್ನೋದಕ್ಕೆ ಸಾಕ್ಷಿ. "ಇಲ್ಲ ಸಾರ್, ನಾನೇ ಪ್ಲೇಟಲ್ಲಿ ಕೆಂಪು ನೀರು ನೋಡಿದೀನಿ" ಅಂತ ವಾದ ಮಾಡೋರಿಗೆ: ಅದು ಅರ್ಧ ಬೆಂದ ಸ್ಟೇಕ್, ಮತ್ತೆ ಅದೂ ರಕ್ತ ಅಲ್ಲ, ಸ್ನಾಯುವಿನಲ್ಲಿರೋ ಮಯೋಗ್ಲೋಬಿನ್ ಅನ್ನೋ ಕೆಂಪು ಪ್ರೋಟೀನ್ ಬೆರೆತ ನೀರು.

ತಮಾಷೆ ಅಂದ್ರೆ ಮಿಲಿಟರಿ ಹೋಟೆಲಲ್ಲಿ ಕುರಿ ರಕ್ತದ ಫ್ರೈ ಎರಡು ಪ್ಲೇಟ್ ಹೊಡೆಯೋರೂ ನಂಗೆ ಇದೇ ಪ್ರಶ್ನೆ ಕಳಿಸ್ತಾರೆ!

ರುಚಿ? ಮೆಣಸಿನ ಖಾರ, ಹಲ್ಲಿಗೆ ಸಿಗೋ ಓಟ್ಸ್, ಹೊರಗೆ ಗರಿಗರಿ ಒಳಗೆ ಮೆತ್ತಗೆ, ಹಿಂದೆ ಎಲ್ಲೋ ಒಂಚೂರು ಕಬ್ಬಿಣದ ವಾಸನೆ. ಏನಂತ ಗೊತ್ತಿಲ್ದೆ ತಿಂದೋರು ಇನ್ನೊಂದು ಪೀಸ್ ಹಾಕ್ಕೋತಾರೆ, ಹೇಳಿದ ಮೇಲೆ ಫೋರ್ಕ್ ಕೆಳಗಿಡ್ತಾರೆ. ನಾಲಿಗೆ ಒಪ್ಪಿದ್ದನ್ನ ಕಿವಿ ಕೇಳಿದ ತಕ್ಷಣ ಹೊಟ್ಟೆ ತೊಳಸೋಕೆ ಶುರು. ನಿಜವಾಗ್ಲೂ ರುಚಿ ಹಿಡಿಸ್ದೆ ಬಿಡೋರೂ ಇದಾರೆ, ಕೊಬ್ಬು ಜಾಸ್ತಿ, ಪುಡಿಪುಡಿ ಅಂತ, ಅದು ಬೇರೆ ಮಾತು. ಹಿಂದೆ ಅಲ್ಲಿ ಹಳ್ಳಿ ಮನೆಗಳಲ್ಲಿ ಹಂದಿ ಕಡಿದ ದಿನ ರಕ್ತ ಹೆಪ್ಪುಗಟ್ಟದ ಹಾಗೆ ಉಪ್ಪು ಹಾಕಿ ಕೈಯಾಡಿಸ್ತಾ ಹಿಡಿದು, ಕೆಡೋದ್ರೊಳಗೆ ಹೆಂಗಸರು ಪುಡಿಂಗ್ ಮಾಡಿ ಅಕ್ಕಪಕ್ಕದವ್ರಿಗೂ ಹಂಚ್ತಿದ್ರು. ಅವ್ರಿಗೆ ಅಸಹ್ಯ ಅನ್ಸಿದ್ದು ಚೆಲ್ಲೋದು.

ಧೈರ್ಯ ಪರೀಕ್ಷೆ ಮಾಡ್ಕೋಬೇಕು ಅಂದ್ರೆ ಕಾರ್ಕ್ ಊರಿಗೆ ಹೋಗಿ, ಇಂಗ್ಲಿಷ್ ಮಾರ್ಕೆಟ್ಟಲ್ಲಿ ಡ್ರಿಶೀನ್ ಸಿಗುತ್ತೆ. ಕುರಿ ಅಥವಾ ದನದ ರಕ್ತದ್ದು, ಜೆಲ್ಲಿ ಥರ ಅಲ್ಲಾಡುತ್ತೆ, ಬೋಟಿ ಜೊತೆ ತಿಂತಾರೆ. ಅದನ್ನ ನೋಡಿ ಮುಖ ಹಿಂಡೋ ಐರಿಷ್ ಜನಾನೇ ಬೇಕಾದಷ್ಟಿದಾರೆ.

ನೀವು ಕೇಳಿಲ್ಲ, ಆದ್ರೆ ನಮ್ಮವ್ರು ಕೇಳಬೇಕಾದ್ದು ಇದು. ಬ್ಲ್ಯಾಕ್ ಪುಡಿಂಗ್ ಜೊತೆಗೇ ಪ್ಲೇಟಿಗೆ ಬರೋ ವೈಟ್ ಪುಡಿಂಗ್ ಬಿಳಿ ಇದೆ, ರಕ್ತ ಇಲ್ಲ, ಹಂಗಾಗಿ ವೆಜ್ ಅಂದ್ಕೊಂಡು ತಿನ್ನೋರಿದಾರೆ, ಅದ್ರಲ್ಲೂ ಹಂದಿ ಮಾಂಸ, ಕೊಬ್ಬು ಇರುತ್ತೆ. "ಹಂದಿ ಪರವಾಗಿಲ್ಲ, ದನ ಬೇಡ" ಅನ್ನೋರೂ ಹುಷಾರು, 1880ರ ದಶಕದಿಂದ ಬಂದಿರೋ, ಕಾರ್ಕ್ ಕೌಂಟಿಯ ಕ್ಲೊನಾಕಿಲ್ಟಿ ಊರಿನ ಫೇಮಸ್ ಬ್ಲ್ಯಾಕ್ ಪುಡಿಂಗಲ್ಲಿ ಇರೋದೇ ದನದ ಮಾಂಸ, ದನದ ರಕ್ತ, ಪ್ಯಾಕೆಟ್ ಓದಿ. ಪೂರ್ತಿ ವೆಜ್ ಆಗಿದ್ರೆ ವೆಜಿಟೇರಿಯನ್ ಬ್ರೇಕ್‌ಫಾಸ್ಟ್ ಕೇಳಿ, ಅಣಬೆ, ಟೊಮ್ಯಾಟೊ, ಬೀನ್ಸ್, ಬ್ರೆಡ್ ಬರುತ್ತೆ, ಮೊಟ್ಟೆ ಬೇಡ ಅಂದ್ರೆ ಅದನ್ನೂ ಬಾಯ್ಬಿಟ್ಟು ಹೇಳಿ. ಜೊತೆಗೆ ಅಣಬೆ ಹುರಿಯೋ ಬಾಣಲೆ ಬೇರೆನಾ, ಇಲ್ಲ ಬೇಕನ್ ಹುರಿದಿದ್ದೇನಾ ಅಂತ ಸಂಕೋಚ ಬಿಟ್ಟು ವಿಚಾರಿಸಿ.