ಸಿಪಿಯು ಜುಮ್ಮೆಂದರೆ ಅರ್ತ್ ಗುಂಡಿಗೆ ನೀರು ಹಾಕಿದರೆ ಸಾಲದು

"ಸಾರ್, ಸಿಪಿಯು ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತೆ. ಅರ್ತ್ ಗುಂಡಿಗೆ ನಾಲ್ಕು ಬಿಂದಿಗೆ ನೀರು ಹಾಕಿದ್ರೂ ಸರಿಹೋಗಲಿಲ್ಲ." ಬೇಸಿಗೆ ಬಂತೆಂದರೆ ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯ ಮನೆಗಳಿಂದ ನಮ್ಮಂಥ ವೈರಿಂಗ್ ಕೆಲಸದವರಿಗೆ ಬರುವ ದೂರು ಇದು. ಅರ್ತ್ ಗುಂಡಿ ಎಂದರೆ ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸಲು ರಾಡ್ ಹೂಳಿದ ಗುಂಡಿ; ಅದಕ್ಕೆ ನೀರು ಹಾಕಿದ್ದು ಒಳ್ಳೆಯದೇ. ಆದರೆ ಆ ಜುಮ್ಮಿಗೂ ಒಣಗಿದ ಗುಂಡಿಗೂ ಸಂಬಂಧ ಬಲು ಕಡಿಮೆ.

ಕಂಪ್ಯೂಟರಿನ ಪವರ್ ಸಪ್ಲೈನಲ್ಲಿ ಫೇಸ್‌ನಿಂದಲೂ (ಕರೆಂಟ್ ತರುವ ವೈರು) ನ್ಯೂಟ್ರಲ್‌ನಿಂದಲೂ (ಕರೆಂಟ್ ಮರಳುವ ವೈರು) ಲೋಹದ ಡಬ್ಬಕ್ಕೆ, ವಿದ್ಯುತ್ ಗದ್ದಲ ಸೋಸುವ ಪುಟ್ಟ ಕೆಪಾಸಿಟರ್‌ಗಳನ್ನು ಜೋಡಿಸಿರುತ್ತಾರೆ. ಅವು ಸೋರಿಸುವ ಅಲ್ಪ ಕರೆಂಟ್ ಹಸಿರು ಬಣ್ಣದ ಅರ್ತ್ ವೈರಿನಲ್ಲಿ ಮಣ್ಣಿಗೆ ಇಳಿಯಬೇಕು. ಹಸಿರು ವೈರು ಎಲ್ಲೋ ತುಂಡಾಗಿದ್ದರೆ ಡಬ್ಬ 230 ವೋಲ್ಟ್‌ನ ಅರ್ಧಕ್ಕೆ, ಅಂದರೆ 115 ವೋಲ್ಟ್ ಆಸುಪಾಸಿಗೆ ಏರಿ ನಿಲ್ಲುತ್ತದೆ. ಮುಟ್ಟಿದವರಿಗೆ ಜುಮ್ಮೆನ್ನುವುದು ಅದೇ. ಗುಂಡಿ ಒಣಗಿ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) 200 ಓಮ್ ಆಗಿದ್ದರೂ 1 ಮಿಲಿ ಆಂಪಿಯರ್ ಸೋರಿಕೆಗೆ ಡಬ್ಬದ ಮೇಲೆ ಬರುವುದು 0.2 ವೋಲ್ಟ್ ಮಾತ್ರ; ಕೈಗೆ ಗೊತ್ತೇ ಆಗದು. ಹಾಗಾಗಿ ಜುಮ್ಮೆಂದರೆ ಮೊದಲು ವೈರು ಎಲ್ಲಿ ಕಡಿದಿದೆ ಎಂದು ಹುಡುಕಿಸಿ. ವೈರು ಸರಿಯಿದ್ದರೆ, ಮೋಟಾರೋ ಗೀಸರ್ರೋ ಅದೇ ಅರ್ತ್‌ಗೆ ಕರೆಂಟ್ ಸೋರಿಸುತ್ತಿದೆಯೇ ನೋಡಿಸಿ. ಕೆಪಾಸಿಟರ್ ಸೋರಿಕೆಯ ಜುಮ್ಮು ತಾನಾಗಿ ಜೀವ ತೆಗೆಯುವುದಿಲ್ಲ. ಆದರೆ ನಾಳೆ ನಿಜವಾಗಿ ಫೇಸ್ ಡಬ್ಬಕ್ಕೆ ತಗುಲಿದರೆ ಕಾಯಲು ಏನೂ ಇಲ್ಲ.

ಕಡಿದ ಜಾಗ ಹೆಚ್ಚಾಗಿ ಕಣ್ಣೆದುರೇ ಇರುತ್ತದೆ: ಮೂರು ತೂತಿದ್ದರೂ ಹಿಂದೆ ಎರಡೇ ವೈರಿರುವ ಎಕ್ಸ್‌ಟೆನ್ಷನ್ ಬೋರ್ಡ್, ಟೂ ಪಿನ್ ಅಡಾಪ್ಟರ್, ಗುಂಡಿಯ ಬಳಿ ತುಕ್ಕು ಹಿಡಿದ ಬೋಲ್ಟು. ಯುಪಿಎಸ್ ತಾನಾಗಿ ಅರ್ತ್ ಹುಟ್ಟಿಸುವುದಿಲ್ಲ, ಗೋಡೆಯ ಸಾಕೆಟ್‌ನಿಂದ ಬಂದದ್ದನ್ನೇ ಹಿಂದಿನ ಸಾಕೆಟ್‌ಗಳಿಗೆ ದಾಟಿಸುತ್ತದೆ. ಅಲ್ಲಿ ಇಲ್ಲದಿದ್ದರೆ ಇಲ್ಲೂ ಇಲ್ಲ.

ಕೆಲವರು ಸಾಕೆಟ್ ಒಳಗೇ ನ್ಯೂಟ್ರಲನ್ನೂ ಅರ್ತನ್ನೂ ಒಂದು ತುಂಡು ವೈರಿನಿಂದ ಸೇರಿಸಿಬಿಡುತ್ತಾರೆ. ಜುಮ್ಮು ಅಲ್ಲಿಗೆ ನಿಲ್ಲುತ್ತದೆ, ಮನೆಯವರು ಮೆಚ್ಚಿಕೊಳ್ಳುತ್ತಾರೆ. ಇದು ಕೊಲ್ಲುವ ಕೆಲಸ. ಆ ಸಾಕೆಟ್‌ಗೆ ಬರುವ ದಾರಿಯಲ್ಲಿ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಪೂರ್ತಿ 230 ವೋಲ್ಟ್ ಡಬ್ಬದ ಮೇಲೆ ಬರುತ್ತದೆ. ಕಂಪ್ಯೂಟರಿಗೆಂದು ಪ್ರತ್ಯೇಕ ರಾಡ್ ಹೊಡೆದು ಮನೆಯ ಅರ್ತ್‌ಗೆ ಸೇರಿಸದೆ ಬಿಡುವುದೂ ತಪ್ಪು. ಮನೆಗೆಲ್ಲ ಒಂದೇ ಅರ್ತ್ ಜಾಲ ಇರಬೇಕು.

ಹಾಗಾದರೆ ಒಣ ಗುಂಡಿಯ ಚಿಂತೆ ಬೇಡವೇ? ಬೇಕು, ಬೇರೆ ಕಾರಣಕ್ಕೆ. ನಮ್ಮ ಕೆಂಪು ಮಣ್ಣು, ಅದರಡಿಯ ಬಂಡೆ, ಮಳೆಯಿಲ್ಲದ ತಿಂಗಳುಗಳು ಸೇರಿ ಅರ್ತ್‌ನ ರೆಸಿಸ್ಟೆನ್ಸ್ ಏರಿಸುತ್ತವೆ. ಕರೆಂಟ್ ಮಣ್ಣಿನ ಮೂಲಕ ಮರಳುವ ದಾರಿಯ ರೆಸಿಸ್ಟೆನ್ಸ್ 50 ಓಮ್ ಎಂದುಕೊಳ್ಳಿ. ಫೇಸ್ ಡಬ್ಬಕ್ಕೆ ತಗುಲಿದರೆ ಹರಿಯುವುದು 4.6 ಆಂಪಿಯರ್. ಮಿತಿ ಮೀರಿ ಕರೆಂಟ್ ಹರಿದಾಗ ಲೈನ್ ಕಡಿಯುವ 16 ಆಂಪಿಯರ್‌ನ ಎಂಸಿಬಿ ಸ್ವಿಚ್ ಅಲುಗಾಡುವುದಿಲ್ಲ, ಡಬ್ಬ ಜೀವಂತವಾಗಿಯೇ ಉಳಿಯುತ್ತದೆ. ಇಲ್ಲಿ ಜೀವ ಉಳಿಸುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಮಣ್ಣಿಗೆ ಸೋರಿದರೆ ತಟ್ಟನೆ ಟ್ರಿಪ್ ಆಗಿ ಲೈನ್ ಕಡಿಯುವ ಸ್ವಿಚ್. ನಮ್ಮ ಜಿಲ್ಲೆಯ ಮನೆಗೆ ಇದು ಐಷಾರಾಮವಲ್ಲ. ಯುಪಿಎಸ್ ಕೊಳ್ಳುವ ಮುಂಚೆ ಇದನ್ನು ಹಾಕಿಸಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಅದರ ಟೆಸ್ಟ್ ಬಟನ್ ಒತ್ತಿದಾಗ ಟ್ರಿಪ್ ಆದರೆ ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ ಅರ್ಥ. ಅರ್ತ್ ಇಲ್ಲದ ಮನೆಯಲ್ಲೂ ಅದು ಟ್ರಿಪ್ ಆಗುತ್ತದೆ. ಅರ್ತ್ ಪರೀಕ್ಷೆಗೆ ಅರ್ತ್ ಟೆಸ್ಟರ್ ಇರುವವರನ್ನೇ ಕರೆಸಿ.

ಇನ್ವರ್ಟರ್ ಇದ್ದರೆ ಅದರ ಔಟ್‌ಪುಟ್ ಲೈನಿಗೂ ಒಂದು ಆರ್‌ಸಿಸಿಬಿ ಹಾಕಿಸಿ. ಆ ಲೈನಿನ ನ್ಯೂಟ್ರಲ್ ಬೇರೆ ಲೈನಿನ ನ್ಯೂಟ್ರಲ್ ಜೊತೆ ಬೆರೆತಿದ್ದರೆ ಅದು ಸುಮ್ಮಸುಮ್ಮನೆ ಬೀಳುತ್ತದೆ. ಆಗ ವೈರಿಂಗ್ ಸರಿಪಡಿಸಬೇಕೇ ಹೊರತು ಆರ್‌ಸಿಸಿಬಿ ಕಿತ್ತುಹಾಕಬಾರದು. ಸಿಡಿಲಿಗೆ ಹೆದರಿ ಮೇನ್ ಸ್ವಿಚ್ ಇಳಿಸಿ, ಬ್ಯಾಟರಿ ಮೇಲೆ ಕಂಪ್ಯೂಟರ್ ನಡೆಸುವವರಿದ್ದಾರೆ. ಮೇನ್ ಸ್ವಿಚ್ ನ್ಯೂಟ್ರಲನ್ನೂ ಕಡಿಯುವಂಥದ್ದಾದರೆ, ಟ್ರಾನ್ಸ್‌ಫಾರ್ಮರ್ ಬಳಿ ಮಣ್ಣಿಗೆ ಇಳಿದಿರುವ ನ್ಯೂಟ್ರಲ್ ಜೊತೆಗಿನ ನಂಟು ತಪ್ಪುತ್ತದೆ. ಸೋರಿದ ಕರೆಂಟಿಗೆ ಮರಳುವ ದಾರಿಯಿಲ್ಲ, ಆರ್‌ಸಿಸಿಬಿಗೂ ಗೊತ್ತಾಗದು. ಮೊದಲ ದೋಷ ಸದ್ದಿಲ್ಲದೆ ಕೂತಿರುತ್ತದೆ, ಎರಡನೆಯದು ಸೇರಿದಾಗ ಅಪಾಯ.

ಸಿಡಿಲು ಬರುವ ಸೂಚನೆ ಕಂಡರೆ ಕಂಪ್ಯೂಟರ್ ಮುಚ್ಚಿ, ಯುಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಯುಪಿಎಸ್ ಓಡುತ್ತಿರುವಾಗಲೇ ಪ್ಲಗ್ ಕಿತ್ತರೆ ಅರ್ತ್ ಕೂಡ ಹೋಗುತ್ತದೆ. ಇಂಟರ್ನೆಟ್ಟಿನ ತಾಮ್ರದ ಕೇಬಲ್ಲನ್ನೂ ಬಿಚ್ಚಿ, ಮೋಡ ದೂರವಿರುವಾಗಲೇ.