ಪದ ಪರಿಚಯ: ಪ್ರಿನ್ಸ್‌2 ಮತ್ತು ಅದರ ಏಳನೇ ಆವೃತ್ತಿ

‘ಪ್ರಾಜೆಕ್ಟ್ಸ್ ಇನ್ ಕಂಟ್ರೋಲ್ಡ್ ಎನ್ವಿರಾನ್‌ಮೆಂಟ್ಸ್’ ಎಂಬ ಇಂಗ್ಲಿಷ್ ಮಾತುಗಳಿಂದ ಅಕ್ಷರ ಹೆಕ್ಕಿ ಕಟ್ಟಿದ ಹೆಸರು ಪ್ರಿನ್ಸ್. ಮುಂದಿನ 2 ಅದರ ಎರಡನೇ ರೂಪದ ಗುರುತು. ಕಾಂಕ್ರೀಟ್ ಹಾಕುವುದು ಹೇಗೆ, ಕೋಡ್ ಬರೆಯುವುದು ಹೇಗೆ ಎಂದು ಇದು ಕಲಿಸುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ಯಾವ ತೀರ್ಮಾನ ಯಾರ ಕೈಯಲ್ಲಿದೆ, ಅದನ್ನು ಯಾವಾಗ ತೆಗೆದುಕೊಳ್ಳಬೇಕು, ಏನನ್ನು ನೋಡಿ ತೆಗೆದುಕೊಳ್ಳಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಗೊತ್ತುಮಾಡಿಕೊಳ್ಳುವ ವಿಧಾನ ಇದು. ಬ್ರಿಟನ್ ಸರ್ಕಾರದ ಕೆಲಸಗಳಲ್ಲಿ ಬೆಳೆದು, ಅಲ್ಲಿಂದ ಯುರೋಪ್, ಆಸ್ಟ್ರೇಲಿಯಾಗಳಿಗೆ ಹಬ್ಬಿತು. ಬ್ರಿಟನ್ ಗ್ರಾಹಕರಿಗೆ ಕೆಲಸ ಮಾಡಿಕೊಡುವ ಬೆಂಗಳೂರಿನ ಐಟಿ ಮಂದಿಯೂ ಈ ಹೆಸರನ್ನು ಕೇಳಿರುತ್ತಾರೆ.

ಇದರ ಮೂಲ 1975ರಲ್ಲಿ ಸಿಂಪ್ಯಾಕ್ಟ್ ಸಿಸ್ಟಮ್ಸ್ ಎಂಬ ಕಂಪನಿ ರೂಪಿಸಿದ ‘ಪ್ರಾಂಪ್ಟ್’. ಅದನ್ನು ಬ್ರಿಟನ್ ಸರ್ಕಾರದ ಕಂಪ್ಯೂಟರ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಿಸಿಟಿಎ ಸಂಸ್ಥೆ ತನ್ನದಾಗಿಸಿಕೊಂಡು, 1989ರಲ್ಲಿ ಪ್ರಿನ್ಸ್ ಎಂದು ಹೊರತಂದಿತು. ಆಗ ಅದು ಐಟಿ ಪ್ರಾಜೆಕ್ಟ್‌ಗಳಿಗಷ್ಟೇ ಇತ್ತು. 1996ರಲ್ಲಿ ಯಾವ ಬಗೆಯ ಪ್ರಾಜೆಕ್ಟ್‌ಗೂ ಒದಗುವಂತೆ ಪ್ರಿನ್ಸ್‌2 ಆಯಿತು. 2009ರ ಪರಿಷ್ಕರಣೆಯಲ್ಲಿ ಈಗಿನ ಚೌಕಟ್ಟು ಬಂತು: ಏಳು ತತ್ವ, ಏಳು ಥೀಮ್ (ಪ್ರಾಜೆಕ್ಟ್ ಉದ್ದಕ್ಕೂ ಗಮನಿಸಬೇಕಾದ ವಿಷಯಗಳು), ಏಳು ಪ್ರಕ್ರಿಯೆ. 2017ರ ಪರಿಷ್ಕರಣೆ ‘ವಿಧಾನವನ್ನು ನಿಮ್ಮ ಪ್ರಾಜೆಕ್ಟಿನ ಅಳತೆಗೆ ತಕ್ಕಂತೆ ಹೊಲಿದುಕೊಳ್ಳಿ’ ಎಂಬುದಕ್ಕೆ ಒತ್ತು ಕೊಟ್ಟಿತು. 2021ರಲ್ಲಿ ಇದರ ಒಡೆತನ ಪೀಪಲ್‌ಸರ್ಟ್ ಕಂಪನಿಗೆ ಬಂತು; 2023ರಲ್ಲಿ ಏಳನೇ ಆವೃತ್ತಿ ಹೊರಬಿತ್ತು.

ಹೊಸದೇನು ಎನ್ನುವ ಮೊದಲು, ಯಾವ ಆವೃತ್ತಿಯಲ್ಲೂ ಅಲುಗಾಡದ ಒಂದು ಪದವನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಅದು ಟಾಲರೆನ್ಸ್, ಅಂದರೆ ಮೇಲಿನವರನ್ನು ಕೇಳದೆ ಎಷ್ಟು ಹೆಚ್ಚುಕಡಿಮೆ ಮಾಡಬಹುದು ಎಂಬ ಮಿತಿ. ಇದು ಗೊತ್ತಾದರೆ ಪ್ರಿನ್ಸ್‌2ರ ಅರ್ಧ ತಿಳಿದಂತೆ.

ಬ್ರಿಟನ್ನಿನ ಒಂದು ಕೌನ್ಸಿಲ್ (ಸ್ಥಳೀಯ ಆಡಳಿತ) ತನ್ನ ಗ್ರಂಥಾಲಯಗಳ ಹಳೆಯ ಸಾಫ್ಟ್‌ವೇರ್ ಬದಲಾಯಿಸುತ್ತಿದೆ ಎಂದುಕೊಳ್ಳೋಣ. ಸದಸ್ಯರ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವ ಹಂತಕ್ಕೆ 10 ವಾರ, 60,000 ಪೌಂಡ್. ಪ್ರಾಜೆಕ್ಟ್ ಬೋರ್ಡ್, ಅಂದರೆ ಮೇಲುಸ್ತುವಾರಿಯ ಸಮಿತಿ, ಮ್ಯಾನೇಜರ್‌ಗೆ ಕೊಟ್ಟ ಮಿತಿ: ಒಂದು ವಾರ ತಡವಾಗಬಹುದು, 3,000 ಪೌಂಡ್ ಹೆಚ್ಚಾಗಬಹುದು. ಎರಡು ಗ್ರಂಥಾಲಯಗಳಲ್ಲಿ ಹೆಸರು ಬರೆಸಿದವರ ಜೋಡಿ ದಾಖಲೆಗಳನ್ನು ಕೈಯಾರೆ ನೋಡಿ ಒಂದು ಮಾಡಲು ನಾಲ್ಕು ವಾರ ಇಟ್ಟಿದ್ದಾರೆ. ಇಬ್ಬರು ಸಿಬ್ಬಂದಿ, ತಲಾ ದಿನಕ್ಕೆ 100 ದಾಖಲೆ. ಎಣಿಸಿ ನೋಡಿದರೆ ಜೋಡಿ ದಾಖಲೆಗಳೇ 6,000. ಇಬ್ಬರಿಗೆ 30 ಕೆಲಸದ ದಿನ ಬೇಕು, ಅಂದರೆ ಆರು ವಾರ. ದಿನಕ್ಕೆ 120 ಪೌಂಡ್‌ನಂತೆ ಇನ್ನೊಬ್ಬರನ್ನು ಸೇರಿಸಿಕೊಂಡರೆ 20 ದಿನದಲ್ಲಿ ಮುಗಿಯುತ್ತದೆ, ಹೆಚ್ಚುವರಿ ಖರ್ಚು 2,400 ಪೌಂಡ್. ಮಿತಿಯೊಳಗೇ ಇದೆ. ಮ್ಯಾನೇಜರ್ ತಾವೇ ತೀರ್ಮಾನಿಸಿ, ಬೋರ್ಡ್‌ಗೆ ಕಳಿಸುವ ಹೈಲೈಟ್ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆದರೆ ಸಾಕು. ಸಭೆ ಬೇಡ.

ಜೋಡಿ ದಾಖಲೆ 9,000 ಇದ್ದರೆ ಲೆಕ್ಕ ಬೇರೆ. ಮೂವರಾದರೆ 30 ದಿನ: ಎರಡು ವಾರ ತಡ, ಖರ್ಚೂ 3,600 ಪೌಂಡ್ ಹೆಚ್ಚು. ನಾಲ್ವರಾದರೆ 23 ದಿನ: ಸಮಯ ಮಿತಿಯೊಳಗೆ ಬಂತು, ಆದರೆ ಖರ್ಚು 5,520 ಪೌಂಡ್ ಏರಿತು. ಯಾವ ದಾರಿ ಹಿಡಿದರೂ ಗೆರೆ ದಾಟುತ್ತದೆ. ಈಗ ಮ್ಯಾನೇಜರ್ ಎಕ್ಸೆಪ್ಷನ್ ರಿಪೋರ್ಟ್ ಬರೆಯಬೇಕು: ಏನಾಯಿತು, ಹೀಗೇ ಬಿಟ್ಟರೆ ಏನಾಗುತ್ತದೆ, ದಾರಿಗಳೇನು, ತಮ್ಮ ಶಿಫಾರಸು ಯಾವುದು. ‘ಮೂರು ವರ್ಷದಿಂದ ಒಂದು ಪುಸ್ತಕವನ್ನೂ ಒಯ್ಯದವರ ದಾಖಲೆಯನ್ನು ಈಗ ಸಾಗಿಸುವುದೇ ಬೇಡ’ ಎಂಬುದೂ ಒಂದು ದಾರಿಯಾಗಬಹುದು. ಆದರೆ ಅದು ಕೆಲಸದ ವ್ಯಾಪ್ತಿಯನ್ನೇ ಕಡಿಮೆ ಮಾಡಿದಂತೆ. ಬಳಕೆದಾರರ ಪರವಾಗಿ ಬೋರ್ಡ್‌ನಲ್ಲಿ ಕೂತ ಸೀನಿಯರ್ ಯೂಸರ್ ಒಪ್ಪಬೇಕು. ಇಡೀ ಪ್ರಾಜೆಕ್ಟ್‌ಗೆ ಕೊಟ್ಟ ಮಿತಿಯೇ ಮೀರುವಂತಿದ್ದರೆ ಬೋರ್ಡ್ ಕೂಡ ತಾನೇ ತೀರ್ಮಾನಿಸುವಂತಿಲ್ಲ, ತನ್ನ ಮೇಲಿನವರನ್ನು ಕೇಳಬೇಕು.

ಇಲ್ಲಿ ಅತಿ ಹೆಚ್ಚು ತಪ್ಪಾಗುವುದು ಸಮಯದಲ್ಲಿ. ಮಿತಿ ಮೀರಿದ ಮೇಲೆ ವರದಿ ಕೊಡುವುದು ಪ್ರಿನ್ಸ್‌2 ಅಲ್ಲ. ಮೀರಲಿದೆ ಎಂದು ಅಂದಾಜು ಸಿಕ್ಕ ದಿನವೇ ಹೇಳಬೇಕು. ನಾಲ್ಕನೇ ವಾರದಲ್ಲಿ ಹೇಳಿದರೆ ಬೋರ್ಡ್ ಮುಂದೆ ಮೂರು ದಾರಿ ಇರುತ್ತವೆ. ಹನ್ನೊಂದನೇ ವಾರದಲ್ಲಿ ಹೇಳಿದರೆ ದುಡ್ಡು ಕೊಡುವುದೊಂದೇ ಉಳಿದಿರುತ್ತದೆ. ಇನ್ನೊಂದು ತಪ್ಪು, ಟಾಲರೆನ್ಸ್ ಕಾಲಂನಲ್ಲಿ ಸೊನ್ನೆ ಬರೆಯುವುದು ಅಥವಾ ಖಾಲಿ ಬಿಡುವುದು. ಆಗ ಎರಡರಲ್ಲೊಂದು ಖಂಡಿತ: ಪ್ರತಿ ಸಣ್ಣ ವ್ಯತ್ಯಾಸವೂ ಬೋರ್ಡ್ ಮೇಜಿಗೆ ಹೋಗುತ್ತದೆ, ಇಲ್ಲವೇ ಯಾವುದೂ ಹೋಗುವುದಿಲ್ಲ.

ಏಳನೇ ಆವೃತ್ತಿಗೆ ಬರೋಣ. ಸಮಯ, ಖರ್ಚು, ಗುಣಮಟ್ಟ, ವ್ಯಾಪ್ತಿ, ಲಾಭ, ಅಪಾಯ ಎಂಬ ಆರಕ್ಕೆ ಟಾಲರೆನ್ಸ್ ಇಡುವ ರೂಢಿಯಿತ್ತು. ಏಳನೆಯದಾಗಿ ಸುಸ್ಥಿರತೆ ಸೇರಿದೆ. ಇದನ್ನು ಒಳ್ಳೆಯ ಮಾತಾಗಿ ಬಿಟ್ಟರೆ ಉಪಯೋಗವಿಲ್ಲ. ಉಳಿದ ಆರರಂತೆ ಅಳೆಯುವ ಗುರಿಯಾಗಿ ಬರೆಯಬೇಕು. ‘ತೆಗೆದುಹಾಕುವ ಹಳೆಯ ಕಂಪ್ಯೂಟರ್‌ಗಳಲ್ಲಿ ನೂರಕ್ಕೆ 95 ಮರುಬಳಕೆಗೆ ಹೋಗಬೇಕು, 90ರವರೆಗೆ ಇಳಿದರೆ ನಡೆಯುತ್ತದೆ’ ಎಂದು ಬರೆದರೆ ಅದು ಟಾಲರೆನ್ಸ್. ‘ಪರಿಸರಸ್ನೇಹಿಯಾಗಿರಬೇಕು’ ಎಂದು ಬರೆದರೆ ಮಿತಿ ಮೀರಿತೋ ಇಲ್ಲವೋ ಎಂದು ಯಾರೂ ಹೇಳಲಾರರು.

ಥೀಮ್ ಎಂಬ ಪದ ಹೋಗಿ ಪ್ರಾಕ್ಟೀಸ್ ಬಂತು. ಬರೀ ಹೆಸರು ಬದಲಾವಣೆ ಎನ್ನಿಸಿದರೂ ಇದರೊಳಗೆ ಒಂದು ಕಡೆ ಎಡವುವ ಸಂಭವವಿದೆ. ಹಿಂದೆ ‘ಚೇಂಜ್’ ಎಂಬ ಥೀಮ್ ಇತ್ತು. ಪ್ರಾಜೆಕ್ಟ್ ನಡುವೆ ‘ಇದೊಂದು ಸೇರಿಸಿ’ ಎಂದು ಬರುವ ಕೋರಿಕೆಗಳನ್ನು ದಾಖಲಿಸಿ, ತೂಗಿ, ಒಪ್ಪುವ ಅಥವಾ ಬಿಡುವ ಕೆಲಸ ಅದರದು. ಈಗ ಆ ಕೆಲಸ ‘ಇಶ್ಯೂಸ್’ ಎಂಬ ಪ್ರಾಕ್ಟೀಸಿನದು. ‘ಚೇಂಜ್ ಮ್ಯಾನೇಜ್‌ಮೆಂಟ್’ ಎಂಬ ಮಾತನ್ನು ಬೇರೆಯದಕ್ಕೆ ಎತ್ತಿಟ್ಟಿದ್ದಾರೆ: ಪ್ರಾಜೆಕ್ಟ್ ಕೊಟ್ಟದ್ದನ್ನು ಬಳಸುವ ಜನ ಹಳೆಯ ರೀತಿಯಿಂದ ಹೊಸ ರೀತಿಗೆ ಬರುವುದು ಹೇಗೆ ಎಂಬುದಕ್ಕೆ. ಹಳೆಯ ಪುಸ್ತಕ ಓದಿದವರೂ ಹೊಸದನ್ನು ಓದಿದವರೂ ಒಂದೇ ಸಭೆಯಲ್ಲಿ ಕೂತರೆ ಒಂದೇ ಪದವನ್ನು ಎರಡು ಅರ್ಥದಲ್ಲಿ ಆಡುತ್ತಿರುತ್ತಾರೆ. ಮೊದಲ ಸಭೆಯಲ್ಲೇ ಇದನ್ನು ಬಗೆಹರಿಸಿಕೊಳ್ಳುವುದು ಲೇಸು.

ದೊಡ್ಡ ಬದಲಾವಣೆ ಎಂದು ನನಗೆ ಕಾಣುವುದು ಜನರಿಗೆ ಸಿಕ್ಕ ಜಾಗ. ತತ್ವ, ಪ್ರಾಕ್ಟೀಸ್, ಪ್ರಕ್ರಿಯೆ, ಪ್ರಾಜೆಕ್ಟ್‌ನ ಸಂದರ್ಭ ಇವುಗಳ ಜೊತೆ ‘ಪೀಪಲ್’ ಐದನೇ ಅಂಗವಾಗಿ ನಡುವೆ ಬಂದು ಕೂತಿದೆ. ಪಾತ್ರ, ಹೊಣೆ ಗೊತ್ತುಮಾಡಿ ಎನ್ನುತ್ತಿದ್ದ ತತ್ವಕ್ಕೆ ‘ಸಂಬಂಧಗಳು’ ಎಂಬ ಪದವನ್ನೂ ಸೇರಿಸಿದ್ದಾರೆ. ನಮ್ಮ ಗ್ರಂಥಾಲಯದ ಉದಾಹರಣೆಯಲ್ಲಿ ಸಾಫ್ಟ್‌ವೇರ್ ಸಮಯಕ್ಕೆ ಬಂದು, ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ಕೂತವರಿಗೆ ಅದು ಒಗ್ಗದಿದ್ದರೆ, ಪ್ರಾಜೆಕ್ಟ್ ಏಕೆ ಬೇಕು ಎಂದು ಸಮರ್ಥಿಸುವ ಬಿಸಿನೆಸ್ ಕೇಸ್‌ನಲ್ಲಿ ಬರೆದ ಲಾಭ ಒಂದೂ ಬರುವುದಿಲ್ಲ. ಹಳೆಯ ಆವೃತ್ತಿಗಳು ಇದನ್ನು ಪ್ರಾಜೆಕ್ಟ್ ಮ್ಯಾನೇಜರ್ ಹೇಗೋ ನೋಡಿಕೊಳ್ಳುತ್ತಾರೆ ಎಂದು ಬಿಟ್ಟಿದ್ದವು. ತುಂಬ ತಡವಾಗಿ ಬಂದರೂ ಬರಲೇಬೇಕಿದ್ದ ತಿದ್ದುಪಡಿ ಇದು.

ಕಾಗದಪತ್ರವೂ ಕಡಿಮೆಯಾಗಿದೆ. ಬಿಡಿಬಿಡಿಯಾಗಿದ್ದ ದಿನಚರಿ, ಇಶ್ಯೂ, ಅಪಾಯ, ಗುಣಮಟ್ಟ, ಕಲಿತ ಪಾಠ ಮುಂತಾದ ಪಟ್ಟಿಗಳನ್ನೆಲ್ಲ ‘ಪ್ರಾಜೆಕ್ಟ್ ಲಾಗ್’ ಎಂಬ ಒಂದೇ ಹೆಸರಿನಡಿ ತಂದಿದ್ದಾರೆ. ಇದು ವರ್ಡ್ ಕಡತವಾಗಿರಬೇಕಿಲ್ಲ. ತಂಡ ದಿನವೂ ನೋಡುವ ಕೆಲಸದ ಹಲಗೆಯೋ ಸ್ಪ್ರೆಡ್‌ಶೀಟೋ ಆದರೂ ಸರಿ, ಮಾಹಿತಿ ಇದ್ದರೆ ಆಯಿತು. ಇದರೊಂದಿಗೆ ‘ಡಿಜಿಟಲ್ ಮತ್ತು ಡೇಟಾ ನಿರ್ವಹಣೆ’ಯ ಬಗೆಯನ್ನೂ ಶುರುವಿನಲ್ಲೇ ಬರೆದಿಡಬೇಕು. ಸದಸ್ಯರ ವಿಳಾಸವನ್ನು ಯಾರು ನೋಡಬಹುದು, ಪರೀಕ್ಷೆಗೆ ತೆಗೆದ ನಕಲನ್ನು ಯಾವಾಗ ಅಳಿಸಬೇಕು ಎಂಬಂಥ ಪ್ರಶ್ನೆಗಳಿಗೆ ಉತ್ತರ ಇಲ್ಲಿರುತ್ತದೆ.

ಈ ವಿಧಾನದ ಬಳಕೆದಾರರಲ್ಲೇ ಹುಟ್ಟಿದ ಒಂದು ಬೈಗುಳ ‘ಪಿನೋ’: ಹೆಸರಿಗೆ ಮಾತ್ರ ಪ್ರಿನ್ಸ್. ಟೆಂಪ್ಲೇಟ್ ಎಲ್ಲ ತುಂಬಿರುತ್ತದೆ, ಬೋರ್ಡ್‌ನವರು ಒಂದನ್ನೂ ಓದಿರುವುದಿಲ್ಲ, ಬಿಸಿನೆಸ್ ಕೇಸ್ ಮೊದಲ ದಿನ ಬರೆದದ್ದು ಕೊನೆಯವರೆಗೂ ಹಾಗೇ ಇರುತ್ತದೆ. ಇದಕ್ಕೆ ಮದ್ದೆಂದು ಎಲ್ಲವನ್ನೂ ಕೈಬಿಡುವವರೂ ಇದ್ದಾರೆ, ‘ನಾವು ನಮಗೆ ಬೇಕಾದಂತೆ ಹೊಲಿದುಕೊಂಡಿದ್ದೇವೆ’ ಎನ್ನುತ್ತಾರೆ. ಹೊಲಿದುಕೊಳ್ಳುವುದಕ್ಕೂ ಮಿತಿ ಉಂಟು. ಏಳು ತತ್ವಗಳಲ್ಲಿ ಒಂದನ್ನು ಬಿಟ್ಟರೂ ಅದು ಪ್ರಿನ್ಸ್‌2 ಅಲ್ಲ. ಎಷ್ಟೇ ಸಣ್ಣ ಪ್ರಾಜೆಕ್ಟ್ ಆದರೂ ಎರಡು ಹಂತ ಇರಲೇಬೇಕು: ಸಿದ್ಧತೆಯದು ಒಂದು, ಕೆಲಸದ್ದು ಕನಿಷ್ಠ ಒಂದು. ಪಾತ್ರಗಳನ್ನು ಸೇರಿಸಬಹುದು, ಬೋರ್ಡ್‌ನ ಎಕ್ಸಿಕ್ಯುಟಿವ್ (ಪ್ರಾಜೆಕ್ಟಿನ ಕೊನೆಯ ಹೊಣೆ ಹೊತ್ತವರು) ಅವರೇ ಸೀನಿಯರ್ ಯೂಸರ್ ಆಗಬಹುದು, ಮ್ಯಾನೇಜರೇ ಪ್ರಾಜೆಕ್ಟ್ ಸಪೋರ್ಟ್, ಅಂದರೆ ಕಚೇರಿ ನೆರವಿನ ಕೆಲಸ ಮಾಡಿಕೊಳ್ಳಬಹುದು. ಆದರೆ ಎಕ್ಸಿಕ್ಯುಟಿವ್ ಮತ್ತು ಮ್ಯಾನೇಜರ್ ಒಬ್ಬರೇ ಆಗುವಂತಿಲ್ಲ. ತಮ್ಮ ಕೆಲಸ ಸರಿಯಿದೆಯೇ ಎಂದು ಪರಿಶೀಲಿಸುವ ಅಶ್ಯೂರೆನ್ಸ್ ಹೊಣೆಯನ್ನೂ ಮ್ಯಾನೇಜರ್ ಹೊರುವಂತಿಲ್ಲ.

ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿಕೊಡುವ ಅಜೈಲ್ ತಂಡಗಳ ಜೊತೆ ಇದು ಕೂಡಿ ಬರುತ್ತದೆಯೇ ಎಂಬ ಪ್ರಶ್ನೆ ಹಳೆಯದು. 2015ರಲ್ಲಿ ಬಂದ ‘ಪ್ರಿನ್ಸ್‌2 ಅಜೈಲ್’ ಇದಕ್ಕೆ ಟಾಲರೆನ್ಸ್ ಮೂಲಕವೇ ಉತ್ತರ ಕೊಟ್ಟಿತು. ಸಮಯ, ಖರ್ಚುಗಳಿಗೆ ಸೊನ್ನೆ ಮಿತಿ. ವ್ಯಾಪ್ತಿಗೆ ಮತ್ತು ಗುಣಮಟ್ಟದ ಕೆಲವು ಅಂಶಗಳಿಗೆ ಸಡಿಲ. ಇಲ್ಲಿ ಸೊನ್ನೆ ಬರೆದದ್ದು ಮರೆವಿನಿಂದ ಅಲ್ಲ, ಇನ್ನೊಂದು ಕಡೆ ಜಾಗ ಬಿಟ್ಟುಕೊಂಡು ಲೆಕ್ಕ ಹಾಕಿ ಬರೆದದ್ದು. ಆ ಜಾಗ ಬಿಡದೆ ನಾಲ್ಕನ್ನೂ ಬಿಗಿಮಾಡಿದರೆ ತಂಡ ಉಸಿರುಗಟ್ಟುತ್ತದೆ.

ಹಳೆಯ ಆವೃತ್ತಿ ಬಳಸುತ್ತಿರುವ ಸಂಸ್ಥೆ ಹೊಸದಕ್ಕೆ ದಾಟುವಾಗ, ನಡೆಯುತ್ತಿರುವ ಹಂತದ ಮಧ್ಯೆ ಏನನ್ನೂ ಬದಲಾಯಿಸಬಾರದು. ಹಂತ ಮುಗಿದು ಮುಂದಿನದಕ್ಕೆ ಒಪ್ಪಿಗೆ ಕೇಳುವ ಹೊತ್ತೇ ಸರಿಯಾದ ಜಾಗ. ಪ್ಲಾನ್, ಬಿಸಿನೆಸ್ ಕೇಸ್ ಎರಡನ್ನೂ ಹೇಗೂ ಆಗ ತಿದ್ದುತ್ತಾರೆ. ಮೊದಲು ಟಾಲರೆನ್ಸ್ ಕೋಷ್ಟಕಕ್ಕೆ ಸುಸ್ಥಿರತೆಯ ಸಾಲು ಸೇರಿಸಿ, ಬೋರ್ಡ್‌ನಿಂದಲೇ ಅಂಕಿ ಬರೆಸಿಕೊಳ್ಳಬೇಕು. ಆಮೇಲೆ ಪಟ್ಟಿಗಳನ್ನು ಒಂದು ಲಾಗ್‌ಗೆ ತರಬೇಕು. ಮುಗಿದ ಇಶ್ಯೂಗಳನ್ನು ಹೊಸದಕ್ಕೆ ಹೊತ್ತೊಯ್ಯದೆ, ತೆರೆದಿರುವವನ್ನಷ್ಟೇ ಒಯ್ದು ಹಳೆಯದನ್ನು ಕಡತದಲ್ಲಿಡಬೇಕು. ಟೆಂಪ್ಲೇಟ್‌ಗಳ ತಲೆಬರಹ ಬದಲಾಯಿಸುವುದು ಕೊನೆಯ ಕೆಲಸ. ಮುಗಿಯುವ ಹಂತಕ್ಕೆ ಬಂದ ಪ್ರಾಜೆಕ್ಟ್‌ಗಳನ್ನು ಮುಟ್ಟದೆ, ಶುರುವಾದ ಆವೃತ್ತಿಯಲ್ಲೇ ಮುಗಿಸಿಬಿಡುವುದು ಒಳ್ಳೆಯದು.