ಒಂದೇ ಬಾಟಲಿ, ಎರಡು ಅಂಕ: ಲ್ಯೋಟೆ ಬಾಕ್ ಬಿಯರ್ ರುಚಿ ನೋಡಿದ ಟಿಪ್ಪಣಿ

ಮೊದಲ ಸಲ ಬಿಯರ್ ಅಂಕಪಟ್ಟಿ ತುಂಬಿದಾಗ, ಪರಿಮಳದ ಜಾಗದಲ್ಲಿ ನಾನು ಬರೆದದ್ದು ಎರಡೇ ಪದ: ‘ಚೆನ್ನಾಗಿದೆ, ಸಿಹಿ’. ಕಲಿಸುವವರು ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ವಾಪಸ್ ಕೊಟ್ಟರು. ಸಕ್ಕರೆಯ ಸಿಹಿಯೋ, ಹಣ್ಣಿನ ಸಿಹಿಯೋ, ಸುಟ್ಟ ಸಕ್ಕರೆಯ ಸಿಹಿಯೋ? ಅಲ್ಲಿಂದ ಶುರುವಾದ ಪಾಠ ಇದು. ಬಿಯರ್ ತೀರ್ಪುಗಾರರಾಗಲು ಬರೆಯುವ ಬಿಜೆಸಿಪಿ ಪರೀಕ್ಷೆಗೆ ನನ್ನ ಹಾಗೇ ಓದುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಎಂದು ಒಂದು ಬಾಟಲಿಯನ್ನು ಹಿಡಿದು ಪೂರ್ತಿ ವಿವರಿಸುತ್ತೇನೆ.

ಬಾಟಲಿ ಲ್ಯೋಟೆ ಬಾಕ್‌ಬಿಯರ್. ಬಾಕ್ ಅಂದರೆ ಜರ್ಮನಿಯಲ್ಲಿ ಹುಟ್ಟಿದ ಒಂದು ಗಟ್ಟಿ ಬಿಯರ್ ಶೈಲಿ. ಈ ಬಾಟಲಿ ಬೆಲ್ಜಿಯಂನ ಗೆಂಟ್ ನಗರದಿಂದ ಉತ್ತರಕ್ಕಿರುವ ಎರ್ತ್‌ವೆಲ್ಡೆ ಊರಿನ ವಾನ್ ಸ್ಟೇನ್‌ಬರ್ಗ ಬ್ರೂವರಿಯದು. ಗುಲ್ಡನ್ ಡ್ರಾಕ್, ಪಿರಾಟ್ ಕುಡಿದವರಿಗೆ ಈ ಮನೆಯ ಪರಿಚಯ ಇದ್ದೇ ಇರುತ್ತದೆ. ಲ್ಯೋಟೆ ಎಂದರೆ ಫ್ಲೆಮಿಶ್ ಮಾತಿನಲ್ಲಿ ಮಜಾ, ಗಮ್ಮತ್ತು. ಕೇಳಲು ನಮ್ಮ ಲೋಟದ ನೆಂಟನ ಹಾಗಿದೆ, ಅಲ್ವಾ? 33 ಸೆಂಟಿಲೀಟರ್ ಬಾಟಲಿ, ಆಲ್ಕೋಹಾಲ್ ಶೇ. 7.5.

ಮೊದಲೇ ಒಂದು ಲೆಕ್ಕ. 330 ಮಿಲಿಯಲ್ಲಿ ಶೇ. 7.5 ಅಂದರೆ ಸುಮಾರು 25 ಮಿಲಿ ಶುದ್ಧ ಆಲ್ಕೋಹಾಲ್, ತೂಕದಲ್ಲಿ 19–20 ಗ್ರಾಂ. ಯುರೋಪಿನ ಹಲವು ದೇಶಗಳಲ್ಲಿ 10 ಗ್ರಾಂಗೆ ಒಂದು ಪೆಗ್ಗಿನ ಲೆಕ್ಕ. ಅಂದರೆ ಈ ಪುಟ್ಟ ಬಾಟಲಿಯಲ್ಲಿ ಹತ್ತಿರ ಹತ್ತಿರ ಎರಡು ಪೆಗ್ ಇದೆ. ಮೂರು ಜನ ಹಂಚಿಕೊಂಡು ರುಚಿ ನೋಡಿ. ನಾಲ್ಕನೇ ಬಿಯರ್ ಹೊತ್ತಿಗೆ ಎಲ್ಲದಕ್ಕೂ 50ಕ್ಕೆ 45 ಅಂಕ ಕೊಡುವ ಮನಸ್ಸಾಗುವುದು ಬಿಯರಿನ ಗುಣದಿಂದ ಅಲ್ಲ.

ಈ ಬಾಕ್ ಎಲ್ಲಿಂದ ಬಂತು

ಜರ್ಮನಿಯ ಉತ್ತರ ಭಾಗದಲ್ಲಿ ಐನ್‌ಬೆಕ್ ಎಂಬ ಊರಿದೆ. ಮಧ್ಯಯುಗದಲ್ಲಿ ಹನ್ಸಾ ವರ್ತಕರ ಜಾಲದಲ್ಲಿದ್ದ ಊರು, ಗಟ್ಟಿ ಬಿಯರಿಗೆ ಹೆಸರುವಾಸಿ. ಬವೇರಿಯಾದ ಅರಮನೆಗೂ ಅಲ್ಲಿಂದಲೇ ಪೀಪಾಯಿಗಳು ಹೋಗುತ್ತಿದ್ದವು. ಆ ಖರ್ಚು ತಾಳಲಾರದೆ ದೊರೆ ವಿಲ್‌ಹೆಲ್ಮ್ 1589ರಲ್ಲಿ ಮ್ಯೂನಿಕ್‌ನಲ್ಲಿ ಸ್ವಂತ ಬ್ರೂವರಿ ಕಟ್ಟಿಸಿದ. ಅದೇ ಇವತ್ತಿನ ಹೋಫ್‌ಬ್ರಾಯ್‌ಹೌಸ್. ಮುಂದೆ ಐನ್‌ಬೆಕ್‌ನಿಂದಲೇ ಒಬ್ಬ ಬಿಯರ್ ತಯಾರಕನನ್ನೂ ಕರೆಸಿಕೊಂಡರು. ಬವೇರಿಯಾದವರ ಬಾಯಲ್ಲಿ ಐನ್‌ಬೆಕ್ ಹೊರಳಿ ಹೊರಳಿ ‘ಐನ್ ಬಾಕ್’ ಆಯಿತು ಎನ್ನುತ್ತಾರೆ. ಬಾಕ್ ಎಂದರೆ ಜರ್ಮನ್‌ನಲ್ಲಿ ಹೋತ. ಲೇಬಲ್‌ಗಳ ಮೇಲೆ ಕೊಂಬಿನ ಹೋತ ಕಾಣುವುದು ಅದಕ್ಕೇ, ಬಿಯರಿಗೂ ಹೋತಕ್ಕೂ ಬೇರೆ ಸಂಬಂಧವಿಲ್ಲ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಕಡೆ ಇದೇ ಹೆಸರು ಕಪ್ಪು ಬಣ್ಣದ, ಚಳಿ ಶುರುವಾಗುವ ಹೊತ್ತಿನ ಬಿಯರಿಗೆ ಅಂಟಿಕೊಂಡಿತು.

ಇಲ್ಲಿ ಒಂದು ತೊಡಕಿದೆ, ಈ ಟಿಪ್ಪಣಿ ಬರೆಯಲು ಕಾರಣವೂ ಅದೇ. ಜರ್ಮನ್ ಬಾಕ್ ಲಾಗರ್ ಜಾತಿಯದು. ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನಕ್ಕೆ ಕೆಲಸ ಮಾಡುತ್ತದೆ, ಆಮೇಲೆ ವಾರಗಟ್ಟಲೆ ಶೀತದಲ್ಲಿ ಇಡುತ್ತಾರೆ. ಹಾಗಾಗಿ ಯೀಸ್ಟಿನ ಹಣ್ಣು ವಾಸನೆ ಇರುವುದಿಲ್ಲ, ಮಾಲ್ಟ್ ಒಂದೇ ಮಾತಾಡುತ್ತದೆ. ಬೆಲ್ಜಿಯಂ ಮಾತ್ರ ಯೀಸ್ಟಿನ ನಾಡು. ಅಲ್ಲಿನ ಏಲ್ ಯೀಸ್ಟುಗಳು 20 ಡಿಗ್ರಿ ಆಸುಪಾಸಿನ ಬಿಸುಪಿನಲ್ಲಿ ಹುದುಗುತ್ತಾ ಬಾಳೆಹಣ್ಣು, ಲವಂಗ, ಒಣ ಹಣ್ಣುಗಳ ವಾಸನೆ ಬಿಡುತ್ತವೆ. ಬೆಲ್ಜಿಯಂ ಮನೆಯ ‘ಬಾಕ್’ ಬಂದರೆ ಯಾವ ಅಳತೆಗೋಲು ಹಿಡಿಯಬೇಕು?

ಗ್ಲಾಸಿಗೆ ಸುರಿದಾಗ

ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಹೊರಗಿಡಿ. 10 ಡಿಗ್ರಿ ಸುತ್ತಮುತ್ತ ಇದ್ದರೆ ಸರಿ. ತೀರಾ ತಣ್ಣಗಿದ್ದರೆ ಮೂಗಿಗೆ ಏನೂ ಸಿಗುವುದಿಲ್ಲ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಮೊಡವೆಯಂತೆ ಅಂಟಿಕೊಂಡರೆ ಗ್ಲಾಸು ಸರಿಯಾಗಿ ತೊಳೆದಿಲ್ಲ ಎಂದರ್ಥ, ಬಿಯರಿನ ತಪ್ಪಲ್ಲ. ತಳದ ಗಷ್ಟು ಬೀಳದ ಹಾಗೆ ಕೊನೆಯ ಒಂದು ಬೆರಳಷ್ಟು ಬಾಟಲಿಯಲ್ಲೇ ಬಿಡಿ.

ಸುರಿದ ತಕ್ಷಣ ಮೂಗು ಹತ್ತಿರ ತನ್ನಿ. ಬಣ್ಣ ಆಮೇಲೆ ನೋಡಬಹುದು, ಅದು ಎಲ್ಲೂ ಓಡಿಹೋಗುವುದಿಲ್ಲ. ಹಾರಿಹೋಗುವುದು ವಾಸನೆ. ಎರಡು ಚಿಕ್ಕ ಮೂಸು, ಒಂದು ಉದ್ದದ ಮೂಸು, ಆಮೇಲೆ ಬರೆಯಿರಿ.

ನನ್ನ ಹಾಳೆಯಲ್ಲಿ ಮೊದಲು ಬಂದದ್ದು ಕ್ಯಾರಮೆಲ್. ಪುಸ್ತಕದಲ್ಲಿ ಓದಿದ ಪದ, ಸುಮ್ನೆ ಬರೆದುಬಿಟ್ಟೆ. ಪಕ್ಕದಲ್ಲಿದ್ದ ಮಂಡ್ಯ ಕಡೆಯ ಗೆಳೆಯ ಮೂಸಿ ನೋಡಿ, ‘ಇದು ಆಲೆಮನೆ ಕಣಯ್ಯಾ’ ಎಂದ. ಹೌದಲ್ಲ! ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಪಾಕ ಬರುವ ಹೊತ್ತಿನ ವಾಸನೆ. ಅದರ ಹಿಂದೆ ಜೋನಿ ಬೆಲ್ಲ, ಒಣದ್ರಾಕ್ಷಿ, ಬ್ರೆಡ್ಡಿನ ಕೆಂಪು ಅಂಚು. ಐದು ನಿಮಿಷ ಅಂಗೈಯಲ್ಲಿ ಗ್ಲಾಸು ಬೆಚ್ಚಗಾದ ಮೇಲೆ ಮಾಗಿದ ಬಾಳೆಹಣ್ಣು ಬಂತು. ಈ ಕೊನೆಯದನ್ನು ವೃತ್ತ ಹಾಕಿ ಗುರುತಿಟ್ಟೆ. ಮುಂದೆ ಬೇಕಾಗುತ್ತದೆ.

ಈ ಬೆಲ್ಲ-ಬ್ರೆಡ್ ವಾಸನೆಯ ಮೂಲ ಮಾಲ್ಟ್. ಬಾರ್ಲಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬಿಸಿಗಾಳಿಯಲ್ಲಿ ಕೆಂಪಾಗಿಸುತ್ತಾರೆ. ರಾಗಿ ಮೊಳಕೆ ಕಟ್ಟಿ ಹುರಿದು ಮಕ್ಕಳಿಗೆ ಮಾಲ್ಟ್ ಮಾಡುವ ಅಜ್ಜಿಯಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಾಕ್‌ಗೆ ಹೆಚ್ಚಾಗಿ ಬಳಸುವ ಮ್ಯೂನಿಕ್ ಮಾಲ್ಟ್ 100 ಡಿಗ್ರಿ ಆಸುಪಾಸಿನಲ್ಲಿ ಹದವಾಗುತ್ತದೆ. ಆ ಬಿಸಿಯಲ್ಲಿ ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಸೇರಿ ಬಣ್ಣವನ್ನೂ ಘಮವನ್ನೂ ಕಟ್ಟುತ್ತವೆ. ಇದೇ ಮೈಲಾರ್ಡ್ ಕ್ರಿಯೆ. ಫ್ರಾನ್ಸಿನ ಲೂಯಿ ಕಮಿಲ್ ಮೈಲಾರ್ಡ್ 1912ರಲ್ಲಿ ವಿವರಿಸಿದ್ದು. ದೋಸೆಯ ತಳ ಕೆಂಪಾಗುವುದೂ ಇದರಿಂದಲೇ. ಹುರಿದದ್ದು ಬೇರೆ, ಸೀದದ್ದು ಬೇರೆ. ಬಾಕ್‌ನಲ್ಲಿ ಸೀದ ವಾಸನೆ ಬಂದರೆ ಅಂಕ ಕಳೆಯಿರಿ. ಇದರಲ್ಲಿ ಬರಲಿಲ್ಲ.

ಬಣ್ಣ: ಮೇಜಿನ ಮೇಲೆ ಕಪ್ಪು, ಬೆಳಕಿಗೆ ಹಿಡಿದರೆ ಮಾಣಿಕ್ಯದ ಕೆಂಪು. ನೊರೆ ಹಾಲು-ಕಾಫಿ ಬಣ್ಣ, ಕೊನೆತನಕ ನಿಂತಿತು. ಮೂರಕ್ಕೆ ಮೂರು.

ಕಹಿ, ಒಗರು, ಘಾಟು

ಕನ್ನಡಿಗರಿಗೆ ಇಲ್ಲಿ ಅನುಕೂಲವಿದೆ. ಇಂಗ್ಲಿಷಿನಲ್ಲಿ ಕಲಿಯುವ ಎಷ್ಟೋ ಜನ ಕಹಿಗೂ ಒಗರಿಗೂ ವ್ಯತ್ಯಾಸ ತಿಳಿಯದೆ ಒದ್ದಾಡುತ್ತಾರೆ. ನಮಗೆ ಹಾಗಲಕಾಯಿ ಬೇರೆ, ಎಳೆ ಬಾಳೆಕಾಯಿ ಬೇರೆ. ಕಹಿ ನಾಲಿಗೆಯ ರುಚಿ. ಬಿಯರಿನಲ್ಲಿ ಅದು ಬರುವುದು ಹಾಪ್ಸ್ ಹೂವಿನಿಂದ. ಒಗರು ರುಚಿಯೇ ಅಲ್ಲ, ಬಾಯಿ ಒಣಗಿ ಹಿಡಿದುಕೊಂಡ ಹಾಗೆ ಆಗುವ ಅನುಭವ. ನೇರಳೆಹಣ್ಣು ತಿಂದಮೇಲೆ ಆಗುತ್ತದಲ್ಲ, ಹಾಗೆ. ಮಾಲ್ಟನ್ನು ತೀರಾ ಬಿಸಿ ನೀರಿನಲ್ಲಿ ಜಾಸ್ತಿ ತೊಳೆದರೆ ಸಿಪ್ಪೆಯ ಟ್ಯಾನಿನ್ ಇಳಿದು ಒಗರು ಬರುತ್ತದೆ. ಅಂಕಪಟ್ಟಿಯಲ್ಲೂ ಇವೆರಡರ ಜಾಗ ಬೇರೆ: ಕಹಿ ರುಚಿಯ ಪೆಟ್ಟಿಗೆಗೆ, ಒಗರು ಬಾಯಿ-ಅನುಭವದ ಪೆಟ್ಟಿಗೆಗೆ. ಗಂಟಲಲ್ಲಿ ಆಲ್ಕೋಹಾಲ್ ಬೆಚ್ಚಗಾಗಿಸುವುದೂ ಬಾಯಿ-ಅನುಭವವೇ. ಹಿತವಾಗಿದ್ದರೆ ಬಿಸುಪು, ಮೂಗಿಗೆ ಹೊಡೆದರೆ ಘಾಟು. ಹಳೆಯ ಬಿಯರ್ ಒದ್ದೆ ರಟ್ಟಿನ ಡಬ್ಬದ ವಾಸನೆ ಹೊಡೆಯುತ್ತದೆ. ನಮ್ಮ ಮುಗ್ಗಲು ಪದ ಅದಕ್ಕೆ ಹತ್ತಿರ.

ಲ್ಯೋಟೆಯಲ್ಲಿ ಮೊದಲ ಗುಟುಕು ಬೆಲ್ಲ, ಖರ್ಜೂರ. ನಡುವೆ ಸ್ವಲ್ಪ ಅತಿಮಧುರದ ಎಳೆ. ಕಹಿ ಕಡಿಮೆ, ಸಿಹಿಯನ್ನು ಹಿಡಿದು ನಿಲ್ಲಿಸುವಷ್ಟು ಮಾತ್ರ. ಒಗರು ಇಲ್ಲ. ಶೇ. 7.5ಕ್ಕೆ ಘಾಟು ಕಾಣದಿರುವುದು ಒಳ್ಳೆಯ ಕೈಕೆಲಸ. ಗ್ಯಾಸ್ ಮಾತ್ರ ಜರ್ಮನ್ ಬಾಕ್‌ಗಿಂತ ಜಾಸ್ತಿ, ನಾಲಿಗೆಯ ಮೇಲೆ ಚುರುಚುರು ಅನ್ನುತ್ತದೆ.

ಈಗ ಅಂಕ

ಪಟ್ಟಿ 50 ಅಂಕದ್ದು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿ-ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ ಮೂರು ನೋಡಿ. ಚೆಂದದ ಫೋಟೊ ತೆಗೆಯುವ ನಮಗೆಲ್ಲ ಒಂದು ಕಿವಿಮಾತು.

ಮೊದಲು ಜರ್ಮನ್ ಡಂಕಲ್ ಬಾಕ್, ಅಂದರೆ ಕಪ್ಪು ಬಾಕ್, ಎಂದುಕೊಂಡು ಅಳೆದೆ. ಆ ಶೈಲಿಯ ಆಲ್ಕೋಹಾಲ್ ಮಿತಿ ಶೇ. 6.3ರಿಂದ 7.2. ಇದು ಸ್ವಲ್ಪ ಮೇಲೆ ಹೋಯಿತು. ಅದಕ್ಕಿಂತ ದೊಡ್ಡ ಅಡ್ಡಿ ವೃತ್ತ ಹಾಕಿದ ಆ ಬಾಳೆಹಣ್ಣು. ಲಾಗರ್‌ನಲ್ಲಿ ಅದು ದೋಷ. ಪರಿಮಳ 8, ನೋಟ 3, ರುಚಿ 13, ಬಾಯಿ-ಅನುಭವ 4, ಒಟ್ಟಾರೆ 6. ಕೂಡಿದರೆ 34.

ಆಮೇಲೆ ಹೊಸ ಹಾಳೆ ತೆಗೆದುಕೊಂಡು ಬೆಲ್ಜಿಯನ್ ಡಬಲ್ (ಅಲ್ಲಿನ ಕಂದು ಬಣ್ಣದ ಗಟ್ಟಿ ಏಲ್ ಶೈಲಿ) ಎಂದು ಅಳೆದೆ. ಅದರ ಮಿತಿ ಶೇ. 6ರಿಂದ 7.6, ಒಳಗೇ ಕೂರುತ್ತದೆ. ಅಲ್ಲಿ ಒಣಹಣ್ಣು ಬೇಕೇ ಬೇಕು, ಹದವಾದ ಬಾಳೆಹಣ್ಣಿಗೂ ಜಾಗವಿದೆ, ಗ್ಯಾಸ್ ಜಾಸ್ತಿ ಇರುವುದೂ ಸರಿ. ಆದರೆ ಡಬಲ್ ಕೊನೆಯಲ್ಲಿ ಇನ್ನಷ್ಟು ಒಣಗಿದ ಹಾಗೆ ಮುಗಿಯಬೇಕು. ಇದು ಸಿಹಿಯಾಗಿ ಉಳಿಯಿತು. 9, 3, 15, 4, 8. ಒಟ್ಟು 39.

34 ಎಂದರೆ ಪಟ್ಟಿಯ ಭಾಷೆಯಲ್ಲಿ ‘ತುಂಬಾ ಚೆನ್ನ’, 38 ಮುಟ್ಟಿದರೆ ‘ಅತ್ಯುತ್ತಮ’. ಅದೇ ಬಾಟಲಿ, ಅದೇ ಮೂಗು, ಅದೇ ಸಂಜೆ. ಪರೀಕ್ಷೆಯಲ್ಲಿ ಯಾವ ಶೈಲಿಗೆ ಎಂದು ಕೊಟ್ಟಿರುತ್ತಾರೋ ಅದಕ್ಕೇ ಅಳೆಯಬೇಕು. ‘ನನಗೆ ಇಷ್ಟವಾಯಿತು’ ಎಂದು 34ನ್ನು 40 ಮಾಡುವ ಹಾಗಿಲ್ಲ. ಮನೆಯಲ್ಲಿ ನನ್ನ ಸ್ವಂತ ಡೈರಿಯಲ್ಲಿ ನಾನು 39ನ್ನೇ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಹೆಸರಿಗಿಂತ ಗ್ಲಾಸಿನಲ್ಲಿರುವುದು ನನಗೆ ಮುಖ್ಯ. ಗೆಳೆಯ ಒಪ್ಪಲಿಲ್ಲ. ಬಾಕ್ ಎಂದು ಬರೆದುಕೊಂಡ ಮೇಲೆ ಬಾಕ್ ಥರ ಇರಬೇಕು ಎನ್ನುತ್ತಾನೆ.

ಈ ಜಗಳ ತೀರಿಸಲು ಮುಂದಿನ ಶನಿವಾರ ಮೂರು ಗ್ಲಾಸು ಇಡುತ್ತೇವೆ: ಶೇ. 6.5ರ ಐನ್‌ಬೆಕರ್ ಉರ್‌ಬಾಕ್ ಡಂಕಲ್, ಶೇ. 7ರ ವೆಸ್ಟ್‌ಮಾಲೆ ಡಬಲ್, ಮತ್ತೆ ಲ್ಯೋಟೆ. ಸುರಿಯುವವರು ಬಾಯಿ ಬಿಡಬಾರದು. ಗ್ಲಾಸಿನ ತಳಕ್ಕೆ ಅಂಟಿಸಲು ಬಣ್ಣದ ಸ್ಟಿಕ್ಕರ್ ನಾನು ತರುತ್ತೇನೆ. ದಯವಿಟ್ಟು ಯಾರೂ ಚಕ್ಕುಲಿ ತರಬೇಡಿ. ತುಟಿಗೆ ಎಣ್ಣೆ ಅಂಟಿದರೆ ನೊರೆ ಒಂದೇ ಗುಟುಕಿಗೆ ಸತ್ತುಹೋಗುತ್ತದೆ. ಕಳೆದ ಸಲ ನೋಟಕ್ಕೆ ಎಲ್ಲರೂ ಒಂದೊಂದು ಅಂಕ ಕಳೆದದ್ದು ಚಕ್ಕುಲಿಗೆ, ಬಿಯರಿಗಲ್ಲ.